ವಿಟ್ನಿ ಹ್ಯೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ 14 ವಾರ ಅಗ್ರಸ್ಥಾನದಲ್ಲಿ ನಿಂತದ್ದು ಏಕೆ?

ಹಳೆಯ ಕ್ಯಾಸೆಟ್

ಡಾಲಿ ಪಾರ್ಟನ್ ಅವರು 1973ರಲ್ಲಿ ಬರೆದು, 1974ರಲ್ಲಿ ತಮ್ಮದೇ ದನಿಯಲ್ಲಿ ಹೊರತಂದ ಈ ಹಾಡು ಆ ವರ್ಷ ಅಮೆರಿಕದ ಕಂಟ್ರಿ (ಹಳ್ಳಿಗಾಡಿನ ಶೈಲಿಯ) ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು. ಹದಿನೆಂಟು ವರ್ಷಗಳ ನಂತರ, 1992ರ ನವೆಂಬರಿನಲ್ಲಿ, ‘ದ ಬಾಡಿಗಾರ್ಡ್’ ಚಿತ್ರಕ್ಕಾಗಿ ವಿಟ್ನಿ ಹ್ಯೂಸ್ಟನ್ ಹಾಡಿದ ಕವರ್ (ಬೇರೆಯವರ ಹಾಡನ್ನು ಮತ್ತೆ ಹಾಡಿದ ಆವೃತ್ತಿ), ಅಮೆರಿಕದ ಜನಪ್ರಿಯ ಹಾಡುಗಳನ್ನು ವಾರವಾರ ಸಾಲಾಗಿ ಇಡುವ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಗೇರಿ, 1993ರ ಫೆಬ್ರವರಿ ಕೊನೆಯವರೆಗೆ, ಒಟ್ಟು 14 ವಾರ, ಅಲ್ಲಿಂದ ಕದಲಲಿಲ್ಲ. ಬ್ರಿಟನ್ನಿನಲ್ಲಿಯೂ ಅದು 10 ವಾರ ಮೊದಲ ಸ್ಥಾನದಲ್ಲಿತ್ತು.

ನನ್ನ ತಕರಾರು ಹೀಗಿದೆ. ಮೂಲ ಹಾಡಿನಲ್ಲಿ ಮಾತನಾಡುವ ಹೆಣ್ಣು ಹೊರಟು ನಿಂತವಳು. ತಾನು ಉಳಿದರೆ ಅವನ ದಾರಿಗೆ ಅಡ್ಡಿಯಾಗುತ್ತೇನೆಂದು ಅವಳಿಗೆ ಗೊತ್ತಿದೆ. ಅಳಬೇಡವೆಂದು ಹೇಳಿ, ಅವನಿಗೆ ಒಳ್ಳೆಯದನ್ನು ಹಾರೈಸಿ ಹೊರಡುತ್ತಾಳೆ. ಇಷ್ಟು ಮೆಲ್ಲಗೆ ಹೇಳಬೇಕಾದ ಮಾತನ್ನು ಗಂಟಲು ತೆರೆದು, ವಾದ್ಯಗಳ ಅಬ್ಬರದ ನಡುವೆ ಹಾಡಿದಾಗ ಕೇಳುಗನಿಗೆ ಉಳಿಯುವುದು ವಿದಾಯವೋ, ಕಂಠದ ಸಾಮರ್ಥ್ಯವೋ? ಹಾಡು ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂಬಷ್ಟಕ್ಕೆ ನಿಲ್ಲಿಸದೆ, ಅಷ್ಟು ವಾರ ಅದು ಏಕೆ ನಿಂತಿತು ಎಂಬುದಕ್ಕೆ ನಿಮ್ಮ ಕಾರಣಗಳನ್ನು ಬರೆಯಬೇಕೆಂದು ಕೋರುತ್ತೇನೆ.

ಕೋಗಿಲೆ

ನನ್ನ ಮಟ್ಟಿಗೆ ಕಂಠವೇ ಕಾರಣ. ಬೇರೆ ಯಾರು ಹಾಡಿದ್ದರೂ ಅದು 14 ವಾರ ನಿಲ್ಲುತ್ತಿರಲಿಲ್ಲ.

ಶ್ರುತಿಪೆಟ್ಟಿಗೆ

ಕ್ಯಾಸೆಟ್ ಅವರೇ, ನೀವು ಹಾಡಿನ ಕೊನೆಯ ಒಂದೂವರೆ ನಿಮಿಷವನ್ನು ಮಾತ್ರ ವಿಚಾರಣೆಗೆ ನಿಲ್ಲಿಸಿದ್ದೀರಿ. ಮೊದಲಿನಿಂದ ಕೇಳಿ ನೋಡಿ. ಸುಮಾರು ಮುಕ್ಕಾಲು ನಿಮಿಷದಷ್ಟು ಹೊತ್ತು ಒಂದೇ ಒಂದು ವಾದ್ಯವಿಲ್ಲ. ಹಿಂದೆ ಶ್ರುತಿ ಇಲ್ಲ, ತಾಳವಿಲ್ಲ, ಆಸರೆಗೆ ಪಿಯಾನೋದ ಒಂದು ಮನೆಯೂ ಇಲ್ಲ. ಅಷ್ಟು ಹೊತ್ತು ಶ್ರುತಿ ಜಾರದಂತೆ, ಲಯದ ಹಂಗಿಲ್ಲದೆ, ಉಸಿರಿನ ಸದ್ದೂ ಕೇಳುವಷ್ಟು ಸಮೀಪದಿಂದ ಹಾಡುವುದು ಎಷ್ಟು ಕಷ್ಟವೆಂಬುದು ತಂಬೂರಿ ಇಲ್ಲದೆ ವಿಲಂಬದಲ್ಲಿ ಶ್ಲೋಕ ಹಾಡಲು ಹೊರಟವರಿಗೆ ಗೊತ್ತು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈ ಹಾಡಿನ ತಾರಸ್ಥಾಯಿಯನ್ನು ಅನುಕರಿಸಲು ಆಸೆಪಡುತ್ತಾರೆ. ಆರಂಭವನ್ನು ಹಾಡಿಸಿದರೆ ಎರಡನೆಯ ಸಾಲಿಗೇ ಅವರ ಶ್ರುತಿ ಇಳಿದಿರುತ್ತದೆ.

ನಂತರದ ನಡೆಯನ್ನೂ ಗಮನಿಸಿ. ಎರಡನೆಯ ಚರಣದವರೆಗೆ ಅವರು ದನಿಯನ್ನು ಹಿಡಿದೇ ಇಟ್ಟಿದ್ದಾರೆ. ಕರ್ಕ್ ವೇಲಮ್ ಅವರ ಸ್ಯಾಕ್ಸೊಫೋನ್ ಬಂದು ಹೋಗುತ್ತದೆ, ಮೂರನೆಯ ಚರಣ ಮತ್ತೆ ತಗ್ಗಿದ ದನಿಯಲ್ಲಿ ಮುಗಿಯುತ್ತದೆ, ಅಲ್ಲಿಗೆ ಎಲ್ಲವೂ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ರಿಕಿ ಲಾಸನ್ ಅವರ ಡ್ರಮ್ಮಿನ ಒಂದೇ ಒಂದು ಪೆಟ್ಟು, ಅದರ ಬೆನ್ನಿಗೇ ಪಲ್ಲವಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆರು ಮನೆ ಶ್ರುತಿಯಲ್ಲಿದ್ದ ಹಾಡು ಅಲ್ಲಿ ಏಳು ಮನೆಗೆ ಏರುತ್ತದೆ, ಅಂದರೆ ಆಧಾರ ಸ್ವರವೇ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ನೀವು ಅಬ್ಬರ ಎನ್ನುತ್ತಿರುವುದು ಆ ಮೇಲಿನ ಭಾಗವನ್ನು. ಅದಕ್ಕೆ ಮೊದಲು ಮೂರು ನಿಮಿಷದಷ್ಟು ಸಂಯಮ ಇಲ್ಲದಿದ್ದರೆ ಆ ಏರಿಕೆಗೆ ಯಾವ ಬೆಲೆಯೂ ಇರುತ್ತಿರಲಿಲ್ಲ.

ಧಾರವಾಡದ ಓದುಗ

ಶ್ರುತಿಪೆಟ್ಟಿಗೆಯವರ ವಿವರಣೆ ಸೊಗಸಾಗಿದೆ, ಆದರೆ ಅದು ಕ್ಯಾಸೆಟ್ ಅವರ ಪ್ರಶ್ನೆಗೆ ಉತ್ತರವಾಗಲಿಲ್ಲ. ಹಾಡುವುದು ಕಷ್ಟವೆಂಬುದು ಒಂದು ಮಾತು, ಸಾಹಿತ್ಯಕ್ಕೆ ತಕ್ಕಂತೆ ಹಾಡಿದ್ದಾರೆಯೇ ಎಂಬುದು ಇನ್ನೊಂದು. ಡಾಲಿಯವರ 1974ರ ಧ್ವನಿಮುದ್ರಣದಲ್ಲಿ ಮೂರನೆಯ ಚರಣವನ್ನು ಹಾಡಿಲ್ಲ, ಮಾತಿನಲ್ಲಿ ಹೇಳಿದ್ದಾರೆ. ಬದುಕು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ಬಯಸಿದ್ದೆಲ್ಲ ನಿನಗೆ ಸಿಗಲಿ ಎಂದು ಹಾರೈಸುವ ಚರಣ ಅದು. ಯಾರನ್ನಾದರೂ ಬಿಟ್ಟು ಹೊರಡುವಾಗ ಬಾಯಿಂದ ರಾಗ ಹೊರಡುವುದಿಲ್ಲ, ನಾಲ್ಕು ಮಾತು ಹೊರಡುತ್ತವೆ. ಆ ಒಂದು ಚರಣದಿಂದ ಇಡೀ ಹಾಡು ನಂಬುವಂತಾಗಿದೆ. ಮೂರು ನಿಮಿಷವೂ ತುಂಬದ ಹಾಡಿನಲ್ಲಿ ಅವರು ಮಾಡಿದ್ದನ್ನು ನಾಲ್ಕೂವರೆ ನಿಮಿಷದ ಕವರ್ ಮಾಡಲಾಗಲಿಲ್ಲ ಎಂದೇ ನನ್ನ ನಿಲುವು.

ಅಂಕಿಅಂಶ

ಅಗ್ರಸ್ಥಾನದ ಬಗ್ಗೆ ಮಾತನಾಡುವ ಮೊದಲು ಆ ಪಟ್ಟಿ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ನೋಡಬೇಕು. 1991ರ ನವೆಂಬರ್ ಕೊನೆಯವರೆಗೆ ಹಾಟ್ 100 ಪಟ್ಟಿಯು ಅಂಗಡಿಯವರು ಮತ್ತು ರೇಡಿಯೋ ಕೇಂದ್ರಗಳು ತಾವಾಗಿ ಕಳುಹಿಸುತ್ತಿದ್ದ ವರದಿಗಳ ಮೇಲೆ ನಿಂತಿತ್ತು. ಅಂಗಡಿಯವನು ಹೊಸ ಸರಕನ್ನು ಮುಂದೆ ತಳ್ಳಲು ಹಳೆಯ ಹಾಡನ್ನು ಕೆಳಗೆ ತೋರಿಸುವುದಕ್ಕೆ ಆ ಪದ್ಧತಿಯಲ್ಲಿ ಅವಕಾಶವಿತ್ತು. ಆ ತಿಂಗಳ ಕೊನೆಯಿಂದ ಬಾರ್‌ಕೋಡ್ ಮೂಲಕ ಲೆಕ್ಕಹಾಕಿದ ನಿಜವಾದ ಮಾರಾಟ ಮತ್ತು ಯಂತ್ರವೇ ಎಣಿಸಿದ ರೇಡಿಯೋ ಪ್ರಸಾರ ಬಳಕೆಗೆ ಬಂದವು. ಜನ ಒಂದೇ ಹಾಡನ್ನು ತಿಂಗಳುಗಟ್ಟಲೆ ಕೊಳ್ಳುತ್ತಾರೆ, ಕೇಳುತ್ತಾರೆ ಎಂಬುದು ಆಗ ಕಾಗದದ ಮೇಲೆ ಕಾಣತೊಡಗಿತು.

ಪರಿಣಾಮವನ್ನು ನೋಡಿ. 1958ರಲ್ಲಿ ಹಾಟ್ 100 ಆರಂಭವಾದಂದಿನಿಂದ 1992ರವರೆಗೆ ಯಾವ ಹಾಡೂ 10 ವಾರಕ್ಕಿಂತ ಹೆಚ್ಚು ಮೊದಲ ಸ್ಥಾನದಲ್ಲಿ ನಿಂತಿರಲಿಲ್ಲ. 1992ರಲ್ಲಿ ಬಾಯ್ಜ್ ಟು ಮೆನ್ ತಂಡದ ‘ಎಂಡ್ ಆಫ್ ದ ರೋಡ್’ 13 ವಾರ ನಿಂತಿತು; ಅದೇ ವರ್ಷದ ಕೊನೆಯಲ್ಲಿ ಬಂದ ವಿಟ್ನಿಯವರ ಹಾಡು 14 ವಾರ ನಿಂತಿತು; 1994ರಲ್ಲಿ ಬಾಯ್ಜ್ ಟು ಮೆನ್ ಮತ್ತೊಂದು ಹಾಡಿನಿಂದ 14 ವಾರ ಮುಟ್ಟಿದರು; 1995-96ರಲ್ಲಿ ಅವರೇ ಮರಾಯಾ ಕ್ಯಾರಿಯವರೊಂದಿಗೆ ಹಾಡಿದ ‘ವನ್ ಸ್ವೀಟ್ ಡೇ’ 16 ವಾರಕ್ಕೆ ಹೋಯಿತು. ಮೂರು ದಶಕಗಳಲ್ಲಿ ಒಮ್ಮೆಯೂ ಆಗದ್ದು ನಾಲ್ಕೇ ವರ್ಷಗಳಲ್ಲಿ ಮತ್ತೆ ಮತ್ತೆ ಆಯಿತೆಂದರೆ ಎಣಿಕೆಯ ಪದ್ಧತಿಗೂ ಅದರಲ್ಲಿ ಪಾಲಿದೆ. ಕಂಠವನ್ನು ಹೊಗಳುವವರು ಇದನ್ನು ಬಿಟ್ಟು ಮಾತನಾಡಬಾರದು.

ಕೋಗಿಲೆ

ಅಂಕಿಅಂಶ ಅವರೇ, ಎಣಿಕೆ ಬದಲಾದದ್ದು ಎಲ್ಲ ಹಾಡುಗಳಿಗೂ ಅಲ್ಲವೇ? ಆ ಚಳಿಗಾಲದಲ್ಲಿ ಬಿಡುಗಡೆಯಾದ ಉಳಿದ ಹಾಡುಗಳಿಗೆ ಹಳೆಯ ಪದ್ಧತಿಯೇನೂ ಇರಲಿಲ್ಲ. ಎಣಿಸುವ ಯಂತ್ರ ಸರಿಯಾಯಿತು ಎಂದರೆ ಜನರ ಇಷ್ಟ ಸರಿಯಾಗಿ ದಾಖಲಾಯಿತು ಎಂದರ್ಥ, ಹೊರತು ಆ ಇಷ್ಟ ಸುಳ್ಳು ಎಂದಲ್ಲ.

ಅಂಕಿಅಂಶ

ಸುಳ್ಳು ಎಂದು ನಾನು ಬರೆದಿಲ್ಲ. 1974ರ ಹಾಡಿನ ಯಶಸ್ಸನ್ನು 1992ರ ಹಾಡಿನ ಯಶಸ್ಸಿನ ಪಕ್ಕದಲ್ಲಿಟ್ಟು ವಾರಗಳ ಲೆಕ್ಕದಲ್ಲಿ ಅಳೆಯುವುದು ನ್ಯಾಯವಲ್ಲ ಎಂಬುದಷ್ಟೇ ನನ್ನ ಮಾತು. ಮೂಲ ಹಾಡು ಮೊದಲ ಸ್ಥಾನ ಪಡೆದದ್ದು ಕಂಟ್ರಿ ಪಟ್ಟಿಯಲ್ಲಿ, ಆ ಪಟ್ಟಿಯ ಕೇಳುಗರೇ ಬೇರೆ. ಆದರೂ 1982ರಲ್ಲಿ ಡಾಲಿಯವರು ಚಿತ್ರವೊಂದಕ್ಕಾಗಿ ಅದೇ ಹಾಡನ್ನು ಮತ್ತೆ ಹಾಡಿದಾಗ ಅದು ಅದೇ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಎರಡನೆಯ ಬಾರಿ ಬಂದಿತು. ವಿಟ್ನಿಯವರಿಗಿಂತ ಮೊದಲೇ ಈ ಹಾಡಿಗೆ ತನ್ನ ಕಾಲಿನ ಮೇಲೆ ನಿಲ್ಲುವ ಶಕ್ತಿಯಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮಲೆನಾಡ ಮಳೆ

ಈ ಹಾಡನ್ನು ಡೇವಿಡ್ ಫಾಸ್ಟರ್ ಅವರು ಹುಡುಕಿ ತಂದು ವಿಟ್ನಿಯವರಿಂದ ಹಾಡಿಸಿದರು ಎಂದು ಓದಿದ ನೆನಪಿದೆ. ಹಾಗಿದ್ದರೆ ಇಷ್ಟು ಚರ್ಚೆಯಲ್ಲಿ ಅವರ ಹೆಸರು ಏಕೆ ಬರಲಿಲ್ಲ?

ನ್ಯೂಜೆರ್ಸಿ ಕನ್ನಡಿಗ

ಮಲೆನಾಡ ಮಳೆಯವರೇ, ಫಾಸ್ಟರ್ ಅವರು ಈ ಧ್ವನಿಮುದ್ರಣದ ನಿರ್ಮಾಪಕರು ಮತ್ತು ವಾದ್ಯಸಂಯೋಜಕರು. ಹಾಡನ್ನು ಸೂಚಿಸಿದವರು ಚಿತ್ರದ ನಾಯಕ ಕೆವಿನ್ ಕಾಸ್ಟ್ನರ್. ಚಿತ್ರಕ್ಕೆ ಮೊದಲು ಗೊತ್ತುಮಾಡಿದ್ದು ‘ವಾಟ್ ಬಿಕಮ್ಸ್ ಆಫ್ ದ ಬ್ರೋಕನ್ ಹಾರ್ಟೆಡ್’ ಎಂಬ 1960ರ ದಶಕದ ಹಾಡನ್ನು. ಅಷ್ಟರಲ್ಲಿ ಅದು ಬೇರೊಂದು ಚಿತ್ರದಲ್ಲಿ ಬರುತ್ತಿದೆಯೆಂದು ತಿಳಿದು ಕೈಬಿಟ್ಟರು. ಆಗ ಕಾಸ್ಟ್ನರ್ ಮುಂದಿಟ್ಟದ್ದು ಲಿಂಡಾ ರಾನ್‌ಸ್ಟ್ಯಾಟ್ ಅವರು 1975ರಲ್ಲಿ ಹಾಡಿದ್ದ ಆವೃತ್ತಿಯನ್ನು. ಅಂದರೆ ವಿಟ್ನಿಯವರದು ಕವರಿನ ದಾರಿಯಲ್ಲಿ ಬಂದ ಕವರ್.

ರಾನ್‌ಸ್ಟ್ಯಾಟ್ ಅವರ ಆವೃತ್ತಿಯಲ್ಲಿ ಕೊನೆಯ ಚರಣವಿಲ್ಲ. ಫಾಸ್ಟರ್ ಅವರು ಅದನ್ನೇ ಆಧಾರವಾಗಿಟ್ಟುಕೊಂಡು ಕೆಲಸ ಆರಂಭಿಸಿದ್ದರು. ಡಾಲಿಯವರೊಂದಿಗೆ ಮಾತನಾಡಿದಾಗ ಇನ್ನೊಂದು ಚರಣವಿದೆ, ಅದನ್ನು ಬಿಡಬೇಡಿ ಎಂದು ಅವರೇ ತಿಳಿಸಿದರೆಂದು ಫಾಸ್ಟರ್ ಹೇಳಿಕೊಂಡಿದ್ದಾರೆ. ಧಾರವಾಡದ ಓದುಗರು ಎತ್ತಿಹಿಡಿದ ಆ ಹಾರೈಕೆಯ ಚರಣ ವಿಟ್ನಿಯವರ ಹಾಡಿಗೆ ಬಂದದ್ದು ಮೂಲ ಕವಯಿತ್ರಿಯ ಕೈಯಿಂದಲೇ.

ವಾದ್ಯಗಳಿಲ್ಲದ ಆರಂಭದ ಕಲ್ಪನೆಯೂ ಕಾಸ್ಟ್ನರ್ ಅವರದು. ರೇಡಿಯೋದವರು ಇಂಥ ಆರಂಭವನ್ನು ಒಪ್ಪಲಾರರು ಎಂಬ ಅಳುಕು ಧ್ವನಿಮುದ್ರಣ ಕಂಪನಿಯವರಿಗೆ ಇತ್ತು, ಕಾಸ್ಟ್ನರ್ ಮತ್ತು ವಿಟ್ನಿ ಇಬ್ಬರೂ ಅದನ್ನು ಉಳಿಸಲೇಬೇಕೆಂದು ಹಟ ಹಿಡಿದರು. ಇಂದು ಆ ಮುಕ್ಕಾಲು ನಿಮಿಷವನ್ನು ತೆಗೆದು ಈ ಹಾಡನ್ನು ಕಲ್ಪಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಶ್ರುತಿಪೆಟ್ಟಿಗೆ

ನಾನು ಹೇಳಬೇಕೆಂದಿದ್ದುದೂ ಇದೇ. 14 ವಾರಗಳ ಗುಟ್ಟು ತಾರಸ್ಥಾಯಿಯಲ್ಲಿಲ್ಲ, ಆರಂಭದಲ್ಲಿದೆ. ಕಾರಿನಲ್ಲಿಯೋ ಅಡುಗೆಮನೆಯಲ್ಲಿಯೋ ರೇಡಿಯೋ ಹಾಕಿಕೊಂಡು ಬೇರೆ ಕೆಲಸ ಮಾಡುತ್ತಿರುವವರು ಹಿಂದಿನ ಹಾಡಿನ ಗದ್ದಲ ಮುಗಿದು ಇದ್ದಕ್ಕಿದ್ದಂತೆ ಒಂಟಿ ದನಿಯೊಂದು ಕೇಳಿಸಿದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ. ಕಂಪನಿಯವರು ಯಾವುದನ್ನು ತೊಡಕೆಂದು ತಿಳಿದಿದ್ದರೋ ಅದೇ ಕೇಳುಗರನ್ನು ಹಿಡಿದು ನಿಲ್ಲಿಸಿತು.

ಧಾರವಾಡದ ಓದುಗ

ಆರಂಭದ ಬಗ್ಗೆ ನನ್ನ ವಿರೋಧವಿಲ್ಲವೆಂದು ಸ್ಪಷ್ಟಪಡಿಸುತ್ತೇನೆ. ಅಲ್ಲಿ ಅವರು ಸಾಹಿತ್ಯಕ್ಕೆ ಪೂರ್ತಿ ಶರಣಾಗಿದ್ದಾರೆ. ನನ್ನ ವಿರೋಧವಿರುವುದು ಶ್ರುತಿ ಏರಿದ ಮೇಲಿನ ಭಾಗಕ್ಕೆ. ಒಂದೊಂದು ಅಕ್ಷರಕ್ಕೆ ಏಳೆಂಟು ಸ್ವರಗಳ ಬಿರ್ಕಾ ಹಾಕುತ್ತ ಹೋದಂತೆ ಹೊರಟು ನಿಂತವಳು ಹೊರಡುವುದನ್ನೇ ಮರೆತಳೇನೋ ಅನ್ನಿಸುತ್ತದೆ. ನಮ್ಮ ಕಛೇರಿಗಳಲ್ಲಿಯೂ ಈ ಕಾಯಿಲೆ ಉಂಟು. ಕರುಣರಸದ ದೇವರನಾಮವನ್ನು ಎತ್ತಿಕೊಂಡು, ಚಪ್ಪಾಳೆ ಬೀಳುವವರೆಗೆ ಸಂಗತಿಯ ಮೇಲೆ ಸಂಗತಿ ಪೇರಿಸಿದರೆ ದಾಸರು ಹೇಳಿದ್ದು ಎಲ್ಲಿ ಉಳಿಯುತ್ತದೆ?

ನ್ಯೂಜೆರ್ಸಿ ಕನ್ನಡಿಗ

ಓದುಗರೇ, ಅದನ್ನು ಕಾಯಿಲೆ ಎನ್ನುವ ಮೊದಲು ಆ ಗಾಯನ ಎಲ್ಲಿಂದ ಬಂತು ಎಂಬುದನ್ನು ನೋಡಬೇಕೆಂದು ವಿನಂತಿ. ವಿಟ್ನಿಯವರು ಹುಟ್ಟಿದ್ದು ಇಲ್ಲಿನ ನ್ಯೂವಾರ್ಕ್ ನಗರದಲ್ಲಿ, ಹಾಡಲು ಕಲಿತದ್ದು ಅಲ್ಲಿನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನ ಮೇಳದಲ್ಲಿ. ಅವರ ತಾಯಿ ಸಿಸಿ ಹ್ಯೂಸ್ಟನ್ ಆ ಮೇಳವನ್ನು ನಡೆಸುತ್ತಿದ್ದ ಹೆಸರಾಂತ ಗಾಯಕಿ, ಸೋದರ ಸಂಬಂಧಿ ಡಿಯಾನ್ ವಾರ್ವಿಕ್. ಕಪ್ಪು ಜನರ ಚರ್ಚುಗಳಲ್ಲಿ ಒಂದು ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆದು ಹಾಡುವುದು ಪ್ರದರ್ಶನಕ್ಕಾಗಿ ಬಂದ ಪದ್ಧತಿಯಲ್ಲ. ಮಾತಿಗೆ ಸಿಗದ ನೋವನ್ನೂ ಭಕ್ತಿಯನ್ನೂ ಹೇಳಿಕೊಳ್ಳಲು ಅವರು ತಲೆಮಾರುಗಳಿಂದ ಕಂಡುಕೊಂಡ ದಾರಿ. ಟೆನೆಸ್ಸಿಯ ಬೆಟ್ಟಗಳಲ್ಲಿ ಹುಟ್ಟಿದ ಡಾಲಿಯವರಿಗೆ ದುಃಖ ಬಂದರೆ ದನಿ ತಗ್ಗುತ್ತದೆ, ನ್ಯೂವಾರ್ಕಿನ ಚರ್ಚಿನಲ್ಲಿ ದುಃಖ ಬಂದರೆ ದನಿ ಏರುತ್ತದೆ. ಒಂದನ್ನು ಪ್ರಾಮಾಣಿಕವೆಂದೂ ಇನ್ನೊಂದನ್ನು ಆಡಂಬರವೆಂದೂ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

2012ರ ಫೆಬ್ರವರಿ 11ರಂದು ವಿಟ್ನಿಯವರು ತೀರಿಕೊಂಡರು. ಅದೇ ಚರ್ಚಿನಲ್ಲಿ ನಡೆದ ಅಂತಿಮ ಪ್ರಾರ್ಥನೆಯನ್ನು ಇಲ್ಲಿ ಟಿ.ವಿ.ಯಲ್ಲಿ ನೇರವಾಗಿ ತೋರಿಸಿದರು. ಶವಪೆಟ್ಟಿಗೆಯನ್ನು ಹೊತ್ತು ಹೊರಗೆ ತರುವಾಗ ಹಾಕಿದ್ದು ಇದೇ ಧ್ವನಿಮುದ್ರಣ. ಅಂದು ಆ ಕೊನೆಯ ಪಲ್ಲವಿಯನ್ನು ಕೇಳಿದವರು ಅದು ವಿದಾಯದ ಹಾಡಲ್ಲವೆಂದು ಹೇಳಲಾರರು. ಆ ದಿನಗಳಲ್ಲಿ ಹಾಡು ಮತ್ತೆ ಹಾಟ್ 100 ಪಟ್ಟಿಗೆ ಬಂದು ಮೂರನೆಯ ಸ್ಥಾನದವರೆಗೆ ಏರಿತು.

ತುಂಗಾತೀರ

ವಿದಾಯದ ಹಾಡು ಎಂದು ಈಗ ಓದಿ ಆಶ್ಚರ್ಯವಾಯಿತು. ಬೆಂಗಳೂರಿನಲ್ಲಿ ನಾನು ಹೋದ ಆರತಕ್ಷತೆಯೊಂದರಲ್ಲಿ ವಧೂವರರು ವೇದಿಕೆ ಏರುವಾಗ ಇದನ್ನೇ ಹಾಕಿದ್ದರು, ಯಾರಿಗೂ ಏನೂ ಅನ್ನಿಸಲಿಲ್ಲ.

ಹಳೆಯ ಕ್ಯಾಸೆಟ್

ತುಂಗಾತೀರ ಅವರೇ, ನನ್ನ ತಕರಾರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನೇ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಇದು ಬೆಂಗಳೂರಿನ ಮಾತಷ್ಟೇ ಅಲ್ಲ, ಅಮೆರಿಕದ ಮದುವೆಗಳಲ್ಲಿಯೂ ಇದನ್ನು ಹಾಕುತ್ತಾರೆ. ನಾನು ಹೋಗುತ್ತೇನೆ ಎಂದು ಹೇಳುವ ಹಾಡು ಜೊತೆಯಾಗಿ ಬಾಳಲು ಹೊರಟವರ ವೇದಿಕೆಗೆ ಬಂದಿದೆಯೆಂದರೆ ಪಲ್ಲವಿಯನ್ನು ಬಿಟ್ಟು ಉಳಿದ ಸಾಹಿತ್ಯ ಕೇಳುಗರ ಕಿವಿಗೆ ಬಿದ್ದಿಲ್ಲ ಎಂದಾಯಿತು.

ಕೋಗಿಲೆ

ಅದಕ್ಕೆ ಗಾಯಕಿಯನ್ನು ಹೊಣೆ ಮಾಡುವುದು ಸರಿಯಲ್ಲ. ಹೋಗುತ್ತೇನೆ, ಅಳಬೇಡ ಎಂಬ ಸಾಲುಗಳನ್ನು ಅವರು ಒಂದಕ್ಷರವೂ ನುಂಗದೆ ಸ್ಪಷ್ಟವಾಗಿ ಉಚ್ಚರಿಸಿದ್ದಾರೆ. ಕೇಳುಗರು ಪಲ್ಲವಿಗಾಗಿ ಕಾಯುತ್ತ ಕುಳಿತರೆ ಅವರೇನು ಮಾಡಬೇಕು?

ಮಲೆನಾಡ ಮಳೆ

ಹಾಗಾದರೆ ಮೂಲದಲ್ಲಿ ಈ ವಿದಾಯ ಯಾರಿಗೆ ಹೇಳಿದ್ದು? ಪ್ರೇಮಿಗೋ, ಗಂಡನಿಗೋ?

ಹಳೆಯ ಕ್ಯಾಸೆಟ್

ಇಬ್ಬರಿಗೂ ಅಲ್ಲ. ಪೋರ್ಟರ್ ವ್ಯಾಗನರ್ ಎಂಬ ಹಿರಿಯ ಗಾಯಕರು ನ್ಯಾಶ್‌ವಿಲ್ಲಿನಲ್ಲಿ ತಮ್ಮ ಹೆಸರಿನದೇ ಟಿ.ವಿ. ಕಾರ್ಯಕ್ರಮ ನಡೆಸುತ್ತಿದ್ದರು. 1967ರಲ್ಲಿ ಡಾಲಿಯವರನ್ನು ಅದಕ್ಕೆ ಸೇರಿಸಿಕೊಂಡು, ದೇಶಕ್ಕೆಲ್ಲ ಪರಿಚಯವಾಗುವಂತೆ ಮಾಡಿದರು. ಕೆಲವು ವರ್ಷಗಳ ನಂತರ ಡಾಲಿಯವರಿಗೆ ತಮ್ಮದೇ ದಾರಿ ಹಿಡಿಯಬೇಕೆನಿಸಿತು. ವ್ಯಾಗನರ್ ಬಿಟ್ಟುಕೊಡಲು ಸಿದ್ಧರಿರಲಿಲ್ಲ. ವಾದ ಮಾಡಿ ಪ್ರಯೋಜನವಿಲ್ಲವೆಂದು ಕಂಡಾಗ ಅವರು ಮನೆಗೆ ಹೋಗಿ ಈ ಹಾಡನ್ನು ಬರೆದು, ಮರುದಿನ ವ್ಯಾಗನರ್ ಅವರೆದುರು ಹಾಡಿದರೆಂದೂ, ಕೇಳಿ ಕಣ್ಣೀರು ಹಾಕಿದ ವ್ಯಾಗನರ್ ಹೊರಡಲು ಒಪ್ಪಿದರೆಂದೂ ಡಾಲಿಯವರೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. 1974ರಲ್ಲಿ ಅವರು ಆ ಕಾರ್ಯಕ್ರಮ ಬಿಟ್ಟರು. ಮುಂದೆ 1979ರಲ್ಲಿ ವ್ಯಾಗನರ್ ಅವರು ಡಾಲಿಯವರ ಮೇಲೆ 30 ಲಕ್ಷ ಡಾಲರುಗಳ ದಾವೆ ಹೂಡಿದ್ದೂ, ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾದದ್ದೂ ನಿಜ. ಆದರೂ 2007ರಲ್ಲಿ ವ್ಯಾಗನರ್ ತೀರಿಕೊಳ್ಳುವ ಹೊತ್ತಿಗೆ ಇಬ್ಬರ ನಡುವೆ ಮನಸ್ತಾಪ ಉಳಿದಿರಲಿಲ್ಲ.

ಗುರುವಿನಂಥ ಹಿರಿಯರಿಗೆ, ಋಣ ಮರೆಯದೆ, ಆದರೆ ನಿರ್ಧಾರವನ್ನೂ ಬದಲಿಸದೆ ಹೇಳಿದ ಮಾತು ಇದು. ಮೂಲವನ್ನು ಕೇಳುವಾಗ ನನ್ನನ್ನು ತಟ್ಟುವುದು ಆ ಗಟ್ಟಿತನವೇ.

ಕಾನೂನು ಕಟ್ಟೆ

ಇಷ್ಟು ಹೊತ್ತು ಗಾಯನದ ಬಗ್ಗೆಯೇ ಮಾತಾಯಿತು, ಹಕ್ಕಿನ ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಕಥೆಯ ಮುಖ್ಯ ಘಟನೆ 1970ರ ದಶಕದಲ್ಲಿಯೇ ನಡೆದುಹೋಗಿತ್ತು. ಎಲ್ವಿಸ್ ಪ್ರೀಸ್ಲಿಯವರು ಈ ಹಾಡನ್ನು ಮೆಚ್ಚಿ ಹಾಡಲು ಬಯಸಿದರು. ಡಾಲಿಯವರು ಸಂತೋಷದಿಂದ ಸಿದ್ಧರಾಗಿದ್ದಾಗ ಎಲ್ವಿಸರ ವ್ಯವಸ್ಥಾಪಕ ಕರ್ನಲ್ ಟಾಮ್ ಪಾರ್ಕರ್, ಹಾಡಿನ ಪ್ರಕಾಶನ ಹಕ್ಕಿನಲ್ಲಿ ಅರ್ಧ ಬರೆದುಕೊಡಬೇಕೆಂಬ ಷರತ್ತು ಹಾಕಿದರು. ಅವರು ಒಪ್ಪಲಿಲ್ಲ. ಅಂದು ಅತ್ತುಕೊಂಡೇ ನಿರಾಕರಿಸಿದೆನೆಂದು ಡಾಲಿಯವರು ಹೇಳಿಕೊಂಡಿದ್ದಾರೆ. ಎಲ್ವಿಸ್ ಹಾಡುವುದೆಂದರೆ ಆ ಕಾಲದಲ್ಲಿ ಯಾವ ಗೀತರಚನಕಾರನೂ ಬಿಟ್ಟುಕೊಡದ ಅವಕಾಶವಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಇದರ ಫಲ 1992ರಲ್ಲಿ ಬಂದಿತು. ಅಮೆರಿಕದ ಕಾನೂನಿನಲ್ಲಿ ಸಾಮಾನ್ಯ ರೇಡಿಯೋ ಪ್ರಸಾರಕ್ಕೆ ಗೌರವಧನ ಸಲ್ಲುವುದು ಹಾಡು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಹಾಡಿದ ಗಾಯಕರಿಗೆ ಅಲ್ಲ. ಆ 14 ವಾರಗಳಲ್ಲಿ ವಿಟ್ನಿಯವರ ದನಿ ಎಷ್ಟು ಸಲ ರೇಡಿಯೋದಲ್ಲಿ ಬಂತೋ ಅಷ್ಟು ಸಲ ಡಾಲಿಯವರ ಲೆಕ್ಕಕ್ಕೆ ಹಣ ಸೇರಿತು, ಮಾರಾಟವಾದ ಪ್ರತಿ ಪ್ರತಿಗೂ ಅವರ ಪಾಲು ಬೇರೆ. ‘ದ ಬಾಡಿಗಾರ್ಡ್’ ಧ್ವನಿಸುರುಳಿ ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಮಾರಾಟವಾದ ಆಲ್ಬಂ ಎಂಬುದನ್ನು ಇದಕ್ಕೆ ಸೇರಿಸಿ ನೋಡಿದರೆ ಅಂದಿನ ನಿರಾಕರಣೆಯ ಬೆಲೆ ತಿಳಿಯುತ್ತದೆ. ಆ ಹಣದಲ್ಲಿ ನ್ಯಾಶ್‌ವಿಲ್ಲಿನ ಕಪ್ಪು ಜನರ ಬಡಾವಣೆಯೊಂದರಲ್ಲಿ ಕಟ್ಟಡ ಸಮುಚ್ಚಯವನ್ನು ಕೊಂಡದ್ದಾಗಿಯೂ, ಅದನ್ನು ವಿಟ್ನಿ ಕಟ್ಟಿಸಿಕೊಟ್ಟದ್ದೆಂದೇ ತಾವು ಭಾವಿಸುವುದಾಗಿಯೂ ಡಾಲಿಯವರು 2021ರ ಟಿ.ವಿ. ಸಂದರ್ಶನವೊಂದರಲ್ಲಿ ತಿಳಿಸಿದ್ದಾರೆ.

ತುಂಗಾತೀರ

ಗಾಯಕಿಗೆ ರೇಡಿಯೋದಿಂದ ಏನೂ ಇಲ್ಲವೆಂಬುದು ಅನ್ಯಾಯವಲ್ಲವೇ? ನಮ್ಮಲ್ಲಿ ಹೇಗಿದೆ?

ಕಾನೂನು ಕಟ್ಟೆ

ಅನ್ಯಾಯವೆಂದೇ ಅಲ್ಲಿನ ಗಾಯಕರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ನಮ್ಮಲ್ಲಿ ಸಮಸ್ಯೆಯ ಮುಖ ಬೇರೆ. ಚಲನಚಿತ್ರದ ಹಾಡುಗಳಲ್ಲಿ ಕವಿ ಮತ್ತು ಸಂಗೀತ ನಿರ್ದೇಶಕರು ಒಮ್ಮೆ ಸಂಭಾವನೆ ಪಡೆದು ಎಲ್ಲ ಹಕ್ಕನ್ನೂ ಬರೆದುಕೊಡುವ ರೂಢಿ ಬಹುಕಾಲ ನಡೆಯಿತು. ಕೃತಿಸ್ವಾಮ್ಯ ಕಾಯ್ದೆಗೆ ಬಂದ 2012ರ ತಿದ್ದುಪಡಿಯ ನಂತರ ಸಾಹಿತ್ಯ ಮತ್ತು ಸಂಗೀತ ರಚಿಸಿದವರು ತಮ್ಮ ಗೌರವಧನದ ಪಾಲನ್ನು ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರೂ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಕವರ್ ಮಾಡುವವರಿಗೂ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ನಿಯಮವಿದೆ: ಮೂಲ ಧ್ವನಿಮುದ್ರಣ ಬಂದ ವರ್ಷ ಮುಗಿದು 5 ವರ್ಷ ಕಳೆಯಬೇಕು, ಮೊದಲೇ ತಿಳಿಸಿ ಗೌರವಧನ ಕಟ್ಟಬೇಕು. ಯೂಟ್ಯೂಬಿನಲ್ಲಿ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿ ಹಾಕುವ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಮೂಲ ಕವಿಯ ಹೆಸರನ್ನು ಕೂಡ ಹಾಕುವುದಿಲ್ಲ. ಅದು ನನಗೆ ನೋವಿನ ಸಂಗತಿ.

ಅಂಕಿಅಂಶ

ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. 1994ರ ಗ್ರ್ಯಾಮಿಯಲ್ಲಿ ಈ ಕವರಿಗೆ ವರ್ಷದ ಧ್ವನಿಮುದ್ರಣ ಪ್ರಶಸ್ತಿ ಬಂದಿತು. ಅದು ಗಾಯಕಿಗೆ ಮತ್ತು ನಿರ್ಮಾಪಕರಿಗೆ ಸಲ್ಲುವ ಪ್ರಶಸ್ತಿ. ಹಾಡು ಬರೆದವರಿಗೆ ಕೊಡುವ ಪ್ರಶಸ್ತಿಯೇ ಬೇರೆ. ಹೀಗೆ ಎರಡನ್ನು ಪ್ರತ್ಯೇಕವಾಗಿ ನೋಡುವ ರೂಢಿ ಅಲ್ಲಿರುವುದರಿಂದಲೇ ‘ಇದು ಯಾರ ಹಾಡು’ ಎಂಬ ಪ್ರಶ್ನೆಗೆ ಇಬ್ಬರ ಹೆಸರನ್ನೂ ಹೇಳಲು ಸಾಧ್ಯವಾಗುತ್ತದೆ.

ಧಾರವಾಡದ ಓದುಗ

ಹಣ, ಹಕ್ಕು, ಪ್ರಶಸ್ತಿ ಎಲ್ಲವೂ ಸರಿ. ಈ ಹಾಡಿನ ನಂತರ ಏನಾಯಿತು ಎಂಬುದನ್ನೂ ಹೇಳಬೇಕಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಯನ ಸ್ಪರ್ಧೆಗಳ ಟಿ.ವಿ. ಕಾರ್ಯಕ್ರಮಗಳು ಬಂದವು, ಅಲ್ಲಿ ಹುಡುಗಿಯರು ಸಾಲುಸಾಲಾಗಿ ನಿಂತು ಇದೇ ಕೊನೆಯ ಪಲ್ಲವಿಯನ್ನು ಹಾಡತೊಡಗಿದರು. ತೀರ್ಪುಗಾರರು ನೋಡುವುದು ಆ ಎತ್ತರದ ಸ್ವರ ಮುಟ್ಟಿದರೋ ಇಲ್ಲವೋ ಎಂಬುದನ್ನು. ನಮ್ಮ ವಾಹಿನಿಗಳ ಸ್ಪರ್ಧೆಗಳಲ್ಲಿ ಮಕ್ಕಳು ಭಾವಗೀತೆಯನ್ನು ಕೂಡ ಗಂಟಲು ಹರಿಯುವಂತೆ ಹಾಡುವುದನ್ನು ಕಂಡಾಗ ಆ ಗಾಳಿ ಇಲ್ಲಿಯವರೆಗೂ ಬಂದಿದೆ ಅನ್ನಿಸುತ್ತದೆ. ಅನುಕರಣೆಗೆ ಮೂಲ ಗಾಯಕಿ ಹೊಣೆಯಲ್ಲವೆಂದು ನೀವು ಹೇಳಬಹುದು, ಒಪ್ಪುತ್ತೇನೆ. ಆದರೆ 14 ವಾರಗಳ ಪರಿಣಾಮದಲ್ಲಿ ಇದೂ ಸೇರಿದೆ.

ಶ್ರುತಿಪೆಟ್ಟಿಗೆ

ಈ ಒಂದು ಮಾತಿನಲ್ಲಿ ನನ್ನದೂ ನಿಮ್ಮದೂ ಒಂದೇ ಅಭಿಪ್ರಾಯ. ಅನುಕರಿಸುವವರು ಕಲಿಯಬೇಕಾಗಿದ್ದುದು ಆರಂಭವನ್ನು, ಕಲಿತದ್ದು ಅಂತ್ಯವನ್ನು. ಹಾಡನ್ನು ಎರಡು ನಿಮಿಷಕ್ಕೆ ಕತ್ತರಿಸಿ ಹಾಡಬೇಕಾದ ಸ್ಪರ್ಧೆಯಲ್ಲಿ ಮೊದಲು ಹೋಗುವುದೇ ಆ ವಾದ್ಯವಿಲ್ಲದ ಚರಣ. ಹಾಗಾಗಿ ಸಂಯಮದಿಂದ ಗಳಿಸಿದ ಏರಿಕೆ ಯಾವುದು, ಬರಿಯ ಕೂಗು ಯಾವುದು ಎಂಬುದೇ ಮಕ್ಕಳಿಗೆ ತಿಳಿಯದಂತಾಗಿದೆ.

ಆದರೆ ಶ್ರುತಿ ಏರಿಸಿದ್ದಕ್ಕೆ ನಿಮ್ಮ ಆಕ್ಷೇಪವನ್ನು ಈಗಲೂ ಒಪ್ಪಲಾರೆ. ನಮ್ಮಲ್ಲಿ ಹಾಡು ಮುಗಿಯುವವರೆಗೆ ಆಧಾರ ಷಡ್ಜ ಕದಲುವುದಿಲ್ಲ, ಆದ್ದರಿಂದ ಷಡ್ಜವೇ ಮೇಲೇರುವುದು ನಮ್ಮ ಕಿವಿಗೆ ಬಲವಂತವಾಗಿ ಕೇಳಬಹುದು. ಅವರ ಪದ್ಧತಿಯಲ್ಲಿ ಅದು ಹೇಳುವವಳ ನಿಲುವು ಬದಲಾಗಿದೆ ಎಂಬುದರ ಗುರುತು. ಮೂರನೆಯ ಚರಣದಲ್ಲಿ ಅವನಿಗಾಗಿ ಹಾರೈಸಿದ್ದಾಯಿತು. ಇನ್ನು ಅವನ ಕಡೆಗೆ ನೋಡಿ ಹೇಳುವುದೇನೂ ಉಳಿದಿಲ್ಲ. ಆ ಮೇಲಿನ ಪಲ್ಲವಿ ಅವಳು ತನಗೆ ತಾನೇ ಹೇಳಿಕೊಳ್ಳುವುದು. ಹಾಗೆ ಕೇಳಿದರೆ ದನಿ ಏರಿದ್ದು ಅಸಹಜವೆನಿಸುವುದಿಲ್ಲ.

ಹಳೆಯ ಕ್ಯಾಸೆಟ್

ಶ್ರುತಿಪೆಟ್ಟಿಗೆಯವರೇ, ಇದು ನಾನು ಯೋಚಿಸದ ದಿಕ್ಕು. ಹಾಗೆ ಕೇಳಬೇಕಾದರೆ ಮೂರನೆಯ ಚರಣದ ಕೊನೆಯ ಸಾಲಿನಲ್ಲಿ ಅವರು ದನಿಯನ್ನು ಎಲ್ಲಿ ಬಿಡುತ್ತಾರೆ ಎಂಬುದನ್ನು ಗಮನಿಸಬೇಕಾಗುತ್ತದೆ. ಚಿತ್ರದಲ್ಲಿ ಹಾಡು ಬರುವ ಸಂದರ್ಭಕ್ಕೂ ಅದು ಹೊಂದುತ್ತದೆ. ಅಲ್ಲಿಯೂ ಇಬ್ಬರೂ ಬೇರೆಯಾಗುವಾಗಲೇ ಈ ಹಾಡು ಬರುವುದು.

ಮಲೆನಾಡ ಮಳೆ

ಎರಡನ್ನೂ ಒಂದರ ಹಿಂದೊಂದರಂತೆ ಕೇಳುವುದಾದರೆ ಯಾವುದನ್ನು ಮೊದಲು ಕೇಳಬೇಕೆಂದು ಯಾರಾದರೂ ಹೇಳುವಿರಾ?

ಧಾರವಾಡದ ಓದುಗ

1974ರದನ್ನು ಮೊದಲು ಕೇಳಿ, ಅದೂ 1982ರ ಮರುಮುದ್ರಣವಲ್ಲ, ಮೊದಲಿನದೇ ಆಗಿರಲಿ. ಮಾತಿನಲ್ಲಿ ಹೇಳಿದ ಚರಣ ಬಂದಾಗ ಬೇರೆ ಕೆಲಸ ಮಾಡಬೇಡಿ.

ನ್ಯೂಜೆರ್ಸಿ ಕನ್ನಡಿಗ

ನಡುವೆ ರಾನ್‌ಸ್ಟ್ಯಾಟ್ ಅವರದನ್ನೂ ಸೇರಿಸಿಕೊಳ್ಳಿ. ವಿಟ್ನಿಯವರ ಹಾಡಿನ ವಿಲಂಬ ನಡೆ ಎಲ್ಲಿಂದ ಬಂತೆಂಬುದು ಆಗ ಕಿವಿಗೇ ತಿಳಿಯುತ್ತದೆ.